ಕೋಸಂಬರಿಯ ಹುಳಿ: ಚಳಿಗಾಲದ ಹಣ್ಣುಗಳ ಒಂದು ಚರಿತ್ರೆ

ಕನ್ನಡದಲ್ಲಿ ಕೋಸಂಬರಿ, ಮರಾಠಿಯಲ್ಲಿ ಕೋಶಿಂಬೀರ್, ತಮಿಳಿನಲ್ಲಿ ಕೋಸುಮಲ್ಲಿ. ಪುಣೆಯಲ್ಲಿಯೂ ಚೆನ್ನೈಯಲ್ಲಿಯೂ ನೆಲೆಸಿರುವ ಕನ್ನಡಿಗರಿಗೆ ನೆರೆಮನೆಯ ಊಟದೆಲೆಯಲ್ಲಿ ತಮ್ಮದೇ ಮನೆಯ ಹೆಸರನ್ನು ಹೋಲುವ ಹೆಸರೊಂದು ಎದುರಾಗುವುದು ಈ ಕಾರಣದಿಂದ. ಮೂರು ಭಾಷೆಗಳ ಈ ತಿನಿಸುಗಳು ಒಂದೇ ಅಚ್ಚಿನವಲ್ಲ. ಮಹಾರಾಷ್ಟ್ರದ ಕೋಶಿಂಬೀರಿನಲ್ಲಿ ಮೊಸರೂ ಕಡಲೆಕಾಯಿಯ ಪುಡಿಯೂ ಮುಂದೆ ಬರುತ್ತವೆ. ಮೈಸೂರು ಸೀಮೆಯ ಕೋಸಂಬರಿಯಲ್ಲಿ ನೆನೆಸಿದ ಹೆಸರುಬೇಳೆಗೆ ಅಗ್ರಸ್ಥಾನ. ಆದರೆ ಒಲೆಗೇರದ ಪದಾರ್ಥಗಳನ್ನು ಬೆರೆಸಿ, ಉಪ್ಪು ಹುಳಿಗಳಿಂದ ಹದಗೊಳಿಸಿ, ಆಗಿಂದಾಗಲೇ ಬಡಿಸುವ ಕ್ರಮ ಮೂರರಲ್ಲಿಯೂ ಸಮಾನ. ಪಶ್ಚಿಮದವರು ಸಲಾಡ್ ಎನ್ನುವುದರ ಮೂಲಾರ್ಥವೂ ಇದರಿಂದ ದೂರವಿಲ್ಲ. ಆ ಮಾತು ಹುಟ್ಟಿದ್ದು ಉಪ್ಪು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಉಪ್ಪು ಹಚ್ಚಿದ ಸೊಪ್ಪು ತರಕಾರಿ ಎಂಬುದಷ್ಟೇ ಅದರ ಮೊದಲ ತಾತ್ಪರ್ಯ.

ಕೋಸಂಬರಿಯನ್ನು ನಾವು ರಾಮನವಮಿಯ ಬಿಸಿಲಿನೊಂದಿಗೆ, ಪಾನಕ ನೀರುಮಜ್ಜಿಗೆಗಳೊಂದಿಗೆ ಸೇರಿಸಿ ನೆನೆಯುತ್ತೇವೆ. ಅದಕ್ಕೆ ಹಿಂಡುವ ಹುಳಿಯ ಕುಟುಂಬ ಮಾತ್ರ ತನ್ನ ಪೂರ್ಣ ವೈಭವವನ್ನು ತೋರುವುದು ಚಳಿಗಾಲದಲ್ಲಿ. ಕಿತ್ತಳೆ, ಚಕ್ಕೋತ, ಹೇರಳೆ, ಕಂಚಿ, ಮಾದಳ, ಗಜನಿಂಬೆ, ಇವೆಲ್ಲ ಒಂದೇ ಕುಲದ ಫಲಗಳು. ಈ ಕುಲ ನಮ್ಮ ಎಲೆಗೆ ಬಂದು ಸೇರಿದ ಬಗೆಯನ್ನೂ, ಅದರಲ್ಲಿ ಕೆಲವು ಈಗ ನಮ್ಮ ಕೈಜಾರುತ್ತಿರುವ ಬಗೆಯನ್ನೂ ಗಮನಿಸುವುದು ಈ ಲೇಖನದ ಉದ್ದೇಶ.

ಸಂಗನಕಲ್ಲಿನ ಇದ್ದಿಲು

ಬಳ್ಳಾರಿಯ ಸಮೀಪದ ಸಂಗನಕಲ್ಲು ದಕ್ಷಿಣ ಭಾರತದ ನವಶಿಲಾಯುಗದ ಪ್ರಮುಖ ನೆಲೆಗಳಲ್ಲೊಂದು. ಅಲ್ಲಿನ ಹಿರೇಗುಡ್ಡದಲ್ಲಿ ಕಲ್ಲಿನ ಕೊಡಲಿಗಳನ್ನು ಅರೆದು ನಯಗೊಳಿಸುತ್ತಿದ್ದ ಜನ ಏನು ಬೆಳೆದು ಉಣ್ಣುತ್ತಿದ್ದರೆಂಬುದನ್ನು ಸುಟ್ಟು ಕರಿಕಾದ ಕಾಳುಗಳಿಂದ ಪುರಾತತ್ತ್ವ ಸಸ್ಯವಿಜ್ಞಾನಿಗಳು ಗುರುತಿಸಿದ್ದಾರೆ. ಹುರುಳಿಯೂ ಹೆಸರೂ ಆ ಕಾಳುಗಳಲ್ಲಿ ಮುಖ್ಯವಾದವು. ಅಂದರೆ ನಮ್ಮ ಕೋಸಂಬರಿಯ ಹೆಸರುಬೇಳೆಗೆ ಕರ್ನಾಟಕದ ನೆಲದಲ್ಲಿ ಮೂರೂವರೆ ಸಾವಿರ ವರ್ಷಗಳಿಗೂ ಮಿಗಿಲಾದ ಚರಿತ್ರೆಯಿದೆ.

ಇದಕ್ಕಿಂತ ಕುತೂಹಲಕರವಾದದ್ದು ಅದೇ ನೆಲೆಯಲ್ಲಿ ದೊರೆತ ಮರದ ಇದ್ದಿಲು. ಅದನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಉತ್ತರಾರ್ಧಕ್ಕೆ ಸೇರುವ ಸ್ತರಗಳಲ್ಲಿ ಮಾವು, ಶ್ರೀಗಂಧಗಳ ಜೊತೆಗೆ ನಿಂಬೆ ಕುಲದ ಮರದ ಗುರುತುಗಳೂ ಕಂಡುಬಂದವು. ಆ ಕುಲದ ಕಾಡುಮರಗಳ ಮೂಲನೆಲೆ ಬಳ್ಳಾರಿಯ ಕುರುಚಲು ಗುಡ್ಡಗಳಲ್ಲ. ಆದ್ದರಿಂದ ಅಷ್ಟು ಪ್ರಾಚೀನ ಕಾಲದಲ್ಲಿಯೇ ಯಾರೋ ಅದನ್ನು ಹೊರಗಿನಿಂದ ತಂದು ನೆಟ್ಟು ಬೆಳೆಸಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಇದ್ದಿಲು ಮರವಿತ್ತೆಂದು ಹೇಳಬಲ್ಲದೇ ಹೊರತು ಅದರ ಹಣ್ಣನ್ನು ನೆನೆಸಿದ ಕಾಳಿಗೆ ಹಿಂಡಿದರೆಂದು ಹೇಳಲಾರದು. ಹಾಗಿದ್ದರೂ ಕೋಸಂಬರಿಯ ಎರಡು ಮುಖ್ಯ ದ್ರವ್ಯಗಳು ಒಂದೇ ಹಳ್ಳಿಯ ಬೂದಿಯಲ್ಲಿ ಅಕ್ಕಪಕ್ಕದಲ್ಲಿ ದೊರೆತಿರುವುದು ಸಣ್ಣ ಸಂಗತಿಯಲ್ಲ.

ಮೂರು ಪೂರ್ವಜರು

ಹುಳಿಹಣ್ಣುಗಳ ವಂಶಾವಳಿ ಬಹುಕಾಲ ಸಸ್ಯಶಾಸ್ತ್ರಜ್ಞರನ್ನು ಗೊಂದಲಕ್ಕೀಡುಮಾಡಿತ್ತು. ಈ ಗಿಡಗಳು ಪರಸ್ಪರ ಸುಲಭವಾಗಿ ಸಂಕರಗೊಳ್ಳುವುದೇ ಅದಕ್ಕೆ ಕಾರಣ. ತಳಿಸಂಪುಟಗಳ ಅಧ್ಯಯನ ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿತು. 2018ರಲ್ಲಿ ಪ್ರಕಟವಾದ ಒಂದು ವಿಸ್ತೃತ ಸಂಶೋಧನೆ ಈ ಕುಲದ ಹುಟ್ಟನ್ನು ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ, ಅಂದರೆ ಅಸ್ಸಾಮಿನ ಪೂರ್ವಭಾಗ, ಬರ್ಮಾದ ಉತ್ತರಭಾಗ ಮತ್ತು ಚೀನದ ಯುನ್ನಾನಿನ ಪಶ್ಚಿಮಭಾಗಗಳು ಕೂಡುವ ಪ್ರದೇಶದಲ್ಲಿ ಗುರುತಿಸಿತು. ಮೇಘಾಲಯದ ಗಾರೋ ಬೆಟ್ಟಗಳ ನೋಕ್ರೆಕ್‌ನಲ್ಲಿ ಇಂದಿಗೂ ಕಾಡುಕಿತ್ತಳೆಯ ಮರಗಳಿದ್ದು, ಅವುಗಳಿಗಾಗಿಯೇ ಒಂದು ರಕ್ಷಿತ ವನವನ್ನು ಮೀಸಲಿಡಲಾಗಿದೆ.

ನಾವು ಉಣ್ಣುವ ಹಣ್ಣುಗಳಲ್ಲಿ ಹೆಚ್ಚಿನವು ಮೂವರು ಪೂರ್ವಜರ ಸಂತಾನ: ಚಕ್ಕೋತ, ಮಾದಳ ಮತ್ತು ಸುಲಭವಾಗಿ ಸಿಪ್ಪೆ ಸುಲಿಯಬಹುದಾದ ಸಣ್ಣ ಕಿತ್ತಳೆ. ಮೂಸಂಬಿಯ ವರ್ಗದ ಸಿಹಿಹಣ್ಣುಗಳಲ್ಲಿ ಚಕ್ಕೋತ ಮತ್ತು ಕಿತ್ತಳೆಗಳ ರಕ್ತ ಬೆರೆತಿದೆ. ನಾವು ದಿನಬಳಕೆಯಲ್ಲಿ ಹಿಂಡುವ ದುಂಡನೆಯ ನಿಂಬೆಯಲ್ಲಿ ಮಾದಳದ ಅಂಶವಿದೆ. ಹೀಗಾಗಿ ಕಾಯಿಪಲ್ಲೆಯ ಅಂಗಡಿಯಲ್ಲಿ ಉಪೇಕ್ಷೆಗೆ ಒಳಗಾಗಿ ಮೂಲೆಯಲ್ಲಿ ಬಿದ್ದಿರುವ ಚಕ್ಕೋತವನ್ನು ಈ ಮನೆತನದ ಅಜ್ಜನೆಂದು ಕರೆದರೆ ತಪ್ಪಾಗದು.

ಮಾದಳಕ್ಕೆ ಇನ್ನೂ ಒಂದು ಗೌರವವಿದೆ. ಸಂಸ್ಕೃತದಲ್ಲಿ ಮಾತುಲುಂಗವೆಂದು ಕರೆಯಲ್ಪಡುವ ಈ ಹಣ್ಣು ಚರಕ, ಸುಶ್ರುತರ ಸಂಹಿತೆಗಳಲ್ಲಿ ಔಷಧವಾಗಿ ಬರುತ್ತದೆ; ಲಕುಲೀಶನ ಶಿಲ್ಪಗಳಲ್ಲಿ ಕೈಯಲ್ಲಿ ಹಿಡಿದ ಫಲವಾಗಿ ಕಾಣಿಸಿಕೊಳ್ಳುತ್ತದೆ. ಕನ್ನಡ ನಾಡಿನ ಅಸಂಖ್ಯ ಮನೆಗಳಿಗೆ ಕುಲದೇವತೆಯಾದ ಕೊಲ್ಲಾಪುರದ ಮಹಾಲಕ್ಷ್ಮಿಯ ಕೆಳಗಿನ ಬಲಗೈಯಲ್ಲಿರುವುದೂ ಇದೇ ಮಾದಳ. ತಿರುಳಿಗಿಂತ ಸಿಪ್ಪೆಯೇ ಹೆಚ್ಚಾಗಿರುವ, ಬಾಯಿಗಿಂತ ಮೂಗಿಗೆ ಹಿತವಾದ ಈ ಹಣ್ಣು ಪಶ್ಚಿಮಕ್ಕೆ ಎಲ್ಲಕ್ಕಿಂತ ಮೊದಲು ಪಯಣಿಸಿತು. ಕ್ರಿಸ್ತಪೂರ್ವ 300ರ ಆಸುಪಾಸಿನಲ್ಲಿ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್ ಇದನ್ನು ಪರ್ಷಿಯದ ಸೇಬು ಎಂಬ ಹೆಸರಿನಲ್ಲಿ ವರ್ಣಿಸಿ, ತಿನ್ನಲು ಬಾರದಿದ್ದರೂ ಸುವಾಸನೆಗಾಗಿ ಬಟ್ಟೆಗಳ ನಡುವೆ ಇಡುತ್ತಾರೆಂದು ದಾಖಲಿಸಿದ್ದಾನೆ.

ಹೆಸರುಗಳ ಪಯಣ

ಹಣ್ಣಿನೊಡನೆ ಹೆಸರೂ ಸಂಚರಿಸುತ್ತದೆ. ಸಂಸ್ಕೃತದ ನಾರಂಗ ಪರ್ಷಿಯದಲ್ಲಿ ನಾರಂಗ್, ಅರಬ್ಬಿಯಲ್ಲಿ ನಾರಂಜ್, ಸ್ಪೇನಿನಲ್ಲಿ ನರಾಂಹ ಎಂದಾಗಿ, ಇಂಗ್ಲಿಷಿಗೆ ಬರುವಾಗ ಮೊದಲಕ್ಷರ ಉದುರಿ ಆರೆಂಜ್ ಆಯಿತು. ಆ ಸಂಸ್ಕೃತ ಪದವೇ ದ್ರಾವಿಡ ಮೂಲದ್ದೆಂದು ಅನೇಕ ಭಾಷಾವಿಜ್ಞಾನಿಗಳ ಅಭಿಪ್ರಾಯ. ಮಲಯಾಳದ ನಾರಕಂ, ತಮಿಳರು ಉಪ್ಪಿನಕಾಯಿ ಹಾಕುವ ನಾರ್ತಂಗಾಯಿ, ಇವು ಆ ಮೂಲದ ಹತ್ತಿರದ ನೆಂಟರು. ನಮ್ಮ ಕಿತ್ತಳೆಯ ದಾರಿ ಬೇರೆ. ಅದಕ್ಕೆ ತಮಿಳಿನ ಕಿಚ್ಚಿಲಿಯೂ ತೆಲುಗಿನ ಕಿಚ್ಚಿಲಿಯೂ ಒಡಹುಟ್ಟುಗಳು.

ಅರಬ್ಬರು ಪಶ್ಚಿಮಕ್ಕೊಯ್ದದ್ದು ಹುಳಿಕಿತ್ತಳೆ. ಸಿಹಿಯಾದದ್ದು ಯುರೋಪಿನಲ್ಲಿ ನೆಲೆಯೂರಿದ್ದು 15 ಮತ್ತು 16ನೇ ಶತಮಾನಗಳಲ್ಲಿ. ಪೋರ್ಚುಗೀಸ್ ವರ್ತಕರು ಅದನ್ನು ಎಷ್ಟು ವ್ಯಾಪಕವಾಗಿ ಹರಡಿದರೆಂದರೆ, ನಾರಂಜ್ ಎಂಬ ಹೆಸರನ್ನು ಯುರೋಪಿಗೆ ಕೊಟ್ಟ ಅರಬ್ಬರೇ ಸಿಹಿಹಣ್ಣನ್ನು ಪೋರ್ಚುಗಲ್‌ನ ಹೆಸರಿನಿಂದ ಬುರ್ತುಕಾಲ್ ಎಂದು ಕರೆಯತೊಡಗಿದರು.

ನಮ್ಮ ಹೊರನಾಡಿನ ಮಾರುಕಟ್ಟೆಗಳಲ್ಲಿ ಕೇಳಿಬರುವ ಹೆಸರುಗಳೂ ಇಂಥವೇ ಪ್ರವಾಸಕಥನಗಳು. ಮುಂಬಯಿಯ ಮೋಸಂಬಿ ಆಫ್ರಿಕಾದ ಮೊಜಾಂಬಿಕ್ಕನ್ನು ನೆನಪಿಸುತ್ತದೆ. ದೆಹಲಿಯ ಮಾಲ್ಟಾ ಮೆಡಿಟರೇನಿಯನ್ ದ್ವೀಪವನ್ನು. ಚಕ್ಕೋತಕ್ಕೆ ತಮಿಳರು ಹೇಳುವ ಪಂಬಳಿಮಾಸ್, ತೆಲುಗರ ಪಂಪರ ಪನಸ, ಮರಾಠಿಗರ ಪಪನಸ್ ಮೂರೂ ಡಚ್ಚರ ಪೊಂಪೆಲ್ಮೂಸ್ ಎಂಬ ಮಾತಿನ ರೂಪಾಂತರಗಳು. ಬಂಗಾಳದಲ್ಲಿ ಅದೇ ಹಣ್ಣು ಬಟಾವಿಯಾ ನಗರದ ಹೆಸರು ಹೊತ್ತು ಬಾತಾಬಿ ಲೇಬು ಆಗಿದೆ. ದೆಹಲಿಯ ಚಳಿಗಾಲವನ್ನು ಇಂದು ಆಳುತ್ತಿರುವ ಕಿನ್ನೋ ಎಲ್ಲರಿಗಿಂತ ಕಿರಿಯದು. ಕ್ಯಾಲಿಫೋರ್ನಿಯದ ರಿವರ್‌ಸೈಡ್‌ನಲ್ಲಿ ಎಚ್. ಬಿ. ಫ್ರಾಸ್ಟ್ ಎಂಬ ವಿಜ್ಞಾನಿ ಕಿಂಗ್ ಮತ್ತು ವಿಲೋಲೀಫ್ ಎಂಬೆರಡು ತಳಿಗಳನ್ನು ಕೂಡಿಸಿ ಪಡೆದು, 1935ರಲ್ಲಿ ಬಿಡುಗಡೆ ಮಾಡಿದ ಹಣ್ಣದು. ಎರಡು ತಾಯಿತಂದೆಯರ ಹೆಸರಿನ ತುಣುಕುಗಳೇ ಅದರ ಹೆಸರು.

ಕಲ್ಯಾಣದಿಂದ ವಿಜಯನಗರಕ್ಕೆ

ಕನ್ನಡದಲ್ಲಿ ಅಡುಗೆಯ ಬರವಣಿಗೆಗೆ ದೀರ್ಘ ಪರಂಪರೆಯಿದೆ. ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ರಚಿಸಿದ ಲೋಕೋಪಕಾರದಲ್ಲಿ ಪಾಕಶಾಸ್ತ್ರಕ್ಕೆ ಒಂದು ಅಧ್ಯಾಯವೇ ಮೀಸಲು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ಮಾನಸೋಲ್ಲಾಸ 12ನೇ ಶತಮಾನದ ಅರಮನೆಯ ಊಟವನ್ನು ಸವಿಸ್ತಾರವಾಗಿ ನಿರೂಪಿಸುತ್ತದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರದಲ್ಲಿ ಪಾನಕಗಳಿಗೂ ಬದನೆ, ಹಲಸುಗಳ ಪಾಕಕ್ಕೂ ಪ್ರತ್ಯೇಕ ಭಾಗಗಳಿವೆ. ಪಾಕಶಾಸ್ತ್ರವೆಂದರೆ ಸ್ವಭಾವತಃ ಬೆಂಕಿಯ ಶಾಸ್ತ್ರ. ಬೇಯಿಸುವ, ಕರಿಯುವ, ಒಗ್ಗರಿಸುವ ಕೌಶಲವನ್ನು ಅದು ವರ್ಣಿಸುವಷ್ಟು ಪ್ರೀತಿಯಿಂದ ಹಸಿಯ ಬೆರಕೆಯನ್ನು ವರ್ಣಿಸಬೇಕಾದ ಅಗತ್ಯವಿಲ್ಲ. ಕೋಸಂಬರಿ ಉಳಿದುಬಂದದ್ದು ಮುಖ್ಯವಾಗಿ ನೈವೇದ್ಯದ ಪಂಕ್ತಿಯಲ್ಲಿ, ಮನೆಯ ಹೆಂಗಸರ ಕೈಲೆಕ್ಕದಲ್ಲಿ.

ಹುಳಿಹಣ್ಣುಗಳ ಸಮೃದ್ಧಿಗೆ ಮಾತ್ರ ಕಣ್ಣಾರೆ ಕಂಡವರ ಸಾಕ್ಷ್ಯವಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಗೆ ದಿನವೂ ಬರುತ್ತಿದ್ದ ನಿಂಬೆಯ ಹೇರುಗಳನ್ನು, ಸಿಹಿ ಮತ್ತು ಹುಳಿ ಕಿತ್ತಳೆಯ ಹೇರುಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಸಿಹಿಯದೂ ಹುಳಿಯದೂ ಎಂದು ಆತ ಬೇರ್ಪಡಿಸಿ ಹೇಳಿರುವುದು ಗಮನಾರ್ಹ. ಒಂದು ಹಾಗೆಯೇ ತಿನ್ನಲು, ಇನ್ನೊಂದು ಅಡುಗೆಗೆ ಎಂಬ ವಿವೇಚನೆ ಆ ಪೇಟೆಯ ಗಿರಾಕಿಗಳಿಗಿದ್ದಿರಬೇಕು. ಅದೇ ದಶಕದಲ್ಲಿ ಉತ್ತರದಲ್ಲಿ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಹುಳಿಹಣ್ಣುಗಳನ್ನು ಒಂದೊಂದಾಗಿ ಪಟ್ಟಿಮಾಡಿ, ಬಣ್ಣ ರುಚಿಗಳನ್ನು ಹೋಲಿಸಿ ಬರೆಯುತ್ತಿದ್ದ. ಇಂದು ದೆಹಲಿಯ ತರಕಾರಿ ಮಂಡಿಯಲ್ಲಿ ಉಪ್ಪಿನಕಾಯಿಗೆಂದು ಮಾರುವ ಗಲ್‌ಗಲ್ ಕೂಡ ಆ ಪಟ್ಟಿಯಲ್ಲಿದೆ.

ಪಾಯೆಸ್ ಕಂಡ ಕಾಲದ ಕೋಸಂಬರಿಯನ್ನು ಊಹಿಸಿಕೊಳ್ಳುವವರು ಅದರಿಂದ ಹಸಿಮೆಣಸಿನಕಾಯಿಯನ್ನು ಬದಿಗಿಡಬೇಕು. ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗುಗಳಲ್ಲಿ ಬಂದು ನಮ್ಮ ಅಡುಗೆಮನೆಯನ್ನು ಸೇರಿದ್ದು ಆ ಶತಮಾನದ ಸಂಗತಿ. ಅದಕ್ಕೆ ಮುಂಚಿನ ಖಾರವೆಂದರೆ ಕರಿಮೆಣಸು ಮತ್ತು ಶುಂಠಿ. ಇಂದು ಕೋಸಂಬರಿಗೆ ಧಾರಾಳವಾಗಿ ಬೀಳುವ ಕಿತ್ತಳೆಬಣ್ಣದ ಗಜ್ಜರಿಯೂ ಯುರೋಪಿನಲ್ಲಿ ರೂಪುಗೊಂಡು ಬಂದದ್ದೇ. ಹೆಸರುಬೇಳೆಯೊಂದೇ ಮೊದಲಿನಿಂದ ಪೀಠ ಬಿಟ್ಟು ಕದಲಿಲ್ಲ. ಉಳಿದದ್ದೆಲ್ಲ ಊರಿಗೆ, ಋತುವಿಗೆ, ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ.

ಹಸಿಯಾಗಿ ಉಣ್ಣುವುದರ ತರ್ಕ

ಹುಳಿಯನ್ನು ಕೊನೆಯಲ್ಲಿ ಹಿಂಡಬೇಕು, ಒಲೆಯ ಮೇಲೆ ಹಿಂಡಬಾರದು ಎಂಬುದು ಮನೆಮನೆಯ ಪಾಠ. ಹಿಂಡಿದ ಮೇಲೆ ಕುದಿಸಿದರೆ ಕಹಿಯಾಗುತ್ತದೆಂಬುದು ಹಿರಿಯರು ಕೊಡುವ ಕಾರಣ. ಇದರ ಹಿಂದೆ ಇನ್ನೊಂದು ಲಾಭವೂ ಅಡಗಿದೆ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್, ಒಸಡು ಕೊಳೆಯುವ ಸ್ಕರ್ವಿ ರೋಗಕ್ಕೆ ತುತ್ತಾದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆಬೇರೆ ಉಪಚಾರ ನೀಡಿದ. ದಿನಕ್ಕೆ ಎರಡು ಕಿತ್ತಳೆ ಒಂದು ನಿಂಬೆ ತಿಂದ ಜೋಡಿ ಒಂದು ವಾರದೊಳಗೆ ಗಣನೀಯವಾಗಿ ಚೇತರಿಸಿಕೊಂಡಿತು. ಆದರೆ ಹಣ್ಣಿನ ರಸವನ್ನು ಕಾಯಿಸಿ ಗಟ್ಟಿಗೊಳಿಸಿ ಹಡಗಿನಲ್ಲಿ ಸಂಗ್ರಹಿಸಿಡಬಹುದೆಂದು ಅದೇ ಲಿಂಡ್ ಸಲಹೆ ಮಾಡಿದ್ದು ಫಲಿಸಲಿಲ್ಲ. ಕಾಯಿಸಿದಾಗ ಗುಣವೇ ನಶಿಸಿತು. ಆ ಗುಣಕ್ಕೆ ವಿಟಮಿನ್ ಸಿ ಎಂಬ ಹೆಸರೂ ರಾಸಾಯನಿಕ ಸ್ವರೂಪವೂ ದೊರೆತದ್ದು 20ನೇ ಶತಮಾನದಲ್ಲಿ. ನಮ್ಮ ಅಜ್ಜಿಯರು ರುಚಿಗಾಗಿ ಪಾಲಿಸಿದ ನಿಯಮ ಸತ್ವವನ್ನೂ ಉಳಿಸಿಕೊಟ್ಟಿತು.

ಚಳಿಗಾಲದ ಹಣ್ಣುಗಳನ್ನು ಕೋಸಂಬರಿಯಲ್ಲಿ ಬಳಸುವಾಗ ಎರಡು ಮೂರು ಸಂಗತಿಗಳನ್ನು ನೆನಪಿಡಬೇಕು. ಹೆಸರುಬೇಳೆ ಒಂದು ಗಂಟೆ ನೆನೆದು ನೀರು ಪೂರ್ತಿ ಬಸಿದಿರಲಿ. ಚಕ್ಕೋತದ ಕಹಿ ಇರುವುದು ಹೆಚ್ಚಾಗಿ ತೊಳೆಗಳ ಬಿಳಿಯ ಪೊರೆಯಲ್ಲಿ. ಅದನ್ನು ಸಂಪೂರ್ಣವಾಗಿ ಬಿಡಿಸಿ ಮುತ್ತಿನಂಥ ತಿರುಳನ್ನಷ್ಟೇ ಉದುರಿಸಿ ಬೆರೆಸಬೇಕು. ಉಳಿದ ಸಣ್ಣ ಕಹಿಯನ್ನು ಉಪ್ಪು ಅಡಗಿಸುತ್ತದೆ. ಕಿತ್ತಳೆಯ ತೊಳೆಗಳ ನಾರು, ಬೀಜ ತೆಗೆದು ಎರಡಾಗಿ ಮುರಿದರೆ ಸಾಕು. ಉಪ್ಪು ಬೀಳುವುದು ಬಡಿಸುವ ಮುನ್ನ. ಬೇಗ ಬಿದ್ದರೆ ಸೌತೆಯೂ ಹಣ್ಣೂ ನೀರು ಬಿಟ್ಟು ಬೇಳೆ ಮುಳುಗುತ್ತದೆ. ತೆಂಗಿನತುರಿ, ಕೊತ್ತಂಬರಿ, ಇಂಗು ಸಾಸಿವೆಯ ಒಂದು ಚಮಚ ಒಗ್ಗರಣೆ, ಇಷ್ಟಕ್ಕಿಂತ ಹೆಚ್ಚಿನ ಎಣ್ಣೆ ಅದಕ್ಕೆ ಬೇಡ. ಹಗುರವಾದ ರಾತ್ರಿಯೂಟಕ್ಕೆ ಇದಕ್ಕಿಂತ ಒಳ್ಳೆಯದನ್ನು ಹೊಸ ಆಹಾರಶಾಸ್ತ್ರವೂ ಸುಲಭವಾಗಿ ಸೂಚಿಸಲಾರದು.

ಸಿಪ್ಪೆಯನ್ನೂ ಎಸೆಯದ ಜಾಣ್ಮೆ ನಮ್ಮದು. ಕಿತ್ತಳೆ ಸಿಪ್ಪೆಯ ಗೊಜ್ಜು ಹಳೆಯ ಮೈಸೂರಿನ ಚಳಿಗಾಲದ ಗುರುತು. ಮಲೆನಾಡಿನಲ್ಲಿ ಕಂಚಿಕಾಯಿ, ಬಯಲುಸೀಮೆಯಲ್ಲಿ ಹೇರಳೆಕಾಯಿಯ ಚಿತ್ರಾನ್ನ, ಕೊಡಗಿನಲ್ಲಿ ಕೈಪುಳಿ ಎಂಬ ಕಹಿಹುಳಿ ಹಣ್ಣು, ಹೀಗೆ ಒಂದೊಂದು ಸೀಮೆ ತನ್ನ ತನ್ನ ಹುಳಿಯನ್ನು ಕಂಡುಕೊಂಡಿದೆ. ಹೈದರಾಬಾದಿನಲ್ಲಿರುವವರಿಗೆ ಹೇರಳೆ ಸಿಗದಿದ್ದರೆ ದಬ್ಬಕಾಯಿ ಒದಗುತ್ತದೆ, ಚೆನ್ನೈಯವರಿಗೆ ನಾರ್ತಂಗಾಯಿ.

ಕೈಜಾರುತ್ತಿರುವ ಎರಡು ಹಣ್ಣುಗಳು

ಇಷ್ಟೆಲ್ಲ ಬದಲಾವಣೆಯನ್ನು ಜೀರ್ಣಿಸಿಕೊಂಡ ತಿನಿಸಿಗೆ ಒಂದು ಹಣ್ಣು ಹೋದರೆ ಏನು ನಷ್ಟ ಎಂದು ಕೇಳಬಹುದು. ತಿನಿಸಿಗೆ ನಷ್ಟವಿಲ್ಲ. ನಷ್ಟ ಆ ಹಣ್ಣನ್ನು ಬೆಳೆದ ನೆಲಕ್ಕೆ.

ಕೊಡಗಿನ ಕಿತ್ತಳೆ ಕಾಫಿತೋಟದ ನೆರಳಿನಲ್ಲಿ ಮಿಶ್ರಬೆಳೆಯಾಗಿ ಬೆಳೆದ ಹಣ್ಣು. ನಾಗಪುರದ ಸಂತ್ರಕ್ಕೆ ಹೋಲಿಸಿದರೆ ಗಾತ್ರದಲ್ಲಿ ಕಿರಿದು, ಸಿಪ್ಪೆ ಬಿಗಿ, ಹಣ್ಣಾದ ಮೇಲೂ ಹಸಿರು ಹಳದಿಯ ಛಾಯೆ ಉಳಿಯುತ್ತದೆ, ಸಿಹಿಯೊಳಗೆ ಸ್ಪಷ್ಟವಾದ ಹುಳಿ. ಕಳೆದ ಶತಮಾನದ ನಡುಭಾಗದವರೆಗೆ ಕೊಡಗೆಂದರೆ ಕಿತ್ತಳೆ ಎನ್ನುವಷ್ಟು ಪ್ರಸಿದ್ಧಿ ಅದಕ್ಕಿತ್ತು. ಅನಂತರ ಮರಗಳು ತುದಿಯಿಂದ ಒಣಗತೊಡಗಿದವು. ಎಲೆ ಹಳದಿಯಾಗಿ, ಕಾಯಿ ಓರೆಯಾಗಿ, ಕೆಲವೇ ವರ್ಷಗಳಲ್ಲಿ ತೋಟಕ್ಕೆ ತೋಟವೇ ಸೊರಗುತ್ತಿತ್ತು. ಭಾರತದ ಕಿತ್ತಳೆತೋಟಗಳ ಈ ಒಣಗುರೋಗಕ್ಕೆ ಗ್ರೀನಿಂಗ್ ಎಂಬ ಸೋಂಕೇ ಕಾರಣವಿರಬೇಕೆಂದು 1966ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತು. ಆಗ ವೈರಸ್ ಎಂದು ತಿಳಿದಿದ್ದ ಅದು ಬ್ಯಾಕ್ಟೀರಿಯವೆಂದು ಮುಂದೆ ಗೊತ್ತಾಯಿತು. ಸಣ್ಣದೊಂದು ಸಸ್ಯರಸ ಹೀರುವ ಕೀಟದಿಂದ ಹಾಗೂ ರೋಗಪೀಡಿತ ಕಸಿಕಡ್ಡಿಯಿಂದ ಅದು ಹರಡುತ್ತದೆ. ಸೋಂಕಿದ ಮರವನ್ನು ಗುಣಪಡಿಸುವ ಮದ್ದು ಇಂದಿಗೂ ತೋಟಗಾರನ ಕೈಗೆ ಸಿಕ್ಕಿಲ್ಲ. ಇದರ ಜೊತೆಗೆ ಟ್ರಿಸ್ಟೆಜಾ ಎಂಬ ವೈರಸ್, ಬೇರುಕೊಳೆ ರೋಗ. ಚೆಟ್ಟಳ್ಳಿ ಮತ್ತು ಗೋಣಿಕೊಪ್ಪಲಿನ ಸಂಶೋಧನಾ ಕೇಂದ್ರಗಳು ದಶಕಗಳಿಂದ ಈ ಸಮಸ್ಯೆಯೊಡನೆ ಸೆಣಸುತ್ತಿವೆ. ಇತ್ತ 1990ರ ದಶಕದಲ್ಲಿ ಬೆಳೆಗಾರರು ಕಾಫಿಯನ್ನು ಮುಕ್ತವಾಗಿ ಮಾರುವ ಅವಕಾಶ ಪಡೆದ ಮೇಲೆ, ರೋಗದ ಭಯವಿರುವ ಕಿತ್ತಳೆಗಿಂತ ನೆರಳುಮರಕ್ಕೆ ಹಬ್ಬಿಸಿದ ಕಾಳುಮೆಣಸು ಹೆಚ್ಚು ಭರವಸೆಯದಾಗಿ ಕಂಡಿತು.

ದೇವನಹಳ್ಳಿಯ ಚಕ್ಕೋತದ ಕಥೆ ಬೇರೆ ಬಗೆಯದು. ಅಲ್ಲಿನ ಮರಗಳನ್ನು ಸೊರಗಿಸಿದ್ದು ಭೂಮಿಯ ಬೆಲೆ. ಕಹಿಯಿಲ್ಲದ ಕೆಂಪು ತಿರುಳಿಗೆ ಹೆಸರಾದ ಈ ಹಣ್ಣಿನ ಊರಿನ ಪಕ್ಕದಲ್ಲಿ 2008ರಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಅದರ ಸುತ್ತ ಭೂಮಿ ಬಡಾವಣೆಗಳಾಗುತ್ತ ಹೋದಂತೆ, ಹಿತ್ತಿಲುಗಳಲ್ಲಿ ನಿಂತಿದ್ದ ಮರಗಳಿಗೆ ಜಾಗ ಉಳಿಯಲಿಲ್ಲ. ದೆಹಲಿಗೋ ಪುಣೆಗೋ ಮರಳಲು ನಾವು ವಿಮಾನವೇರುವ ನೆಲವೇ ಚಕ್ಕೋತದ ಸೀಮೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದೇ ಇಲ್ಲ.

ಎರಡೂ ಹಣ್ಣುಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ಹೆಸರನ್ನು ಕಾಯುತ್ತದೆ. ಬೇರೆ ಊರಿನ ಹಣ್ಣನ್ನು ಆ ಹೆಸರಿನಲ್ಲಿ ಮಾರುವುದನ್ನು ಕಾನೂನಿನ ಕಣ್ಣಲ್ಲಿ ತಪ್ಪಾಗಿಸುತ್ತದೆ. ಮರವನ್ನು ಕಾಯುವ ಶಕ್ತಿ ಅದಕ್ಕಿಲ್ಲ. ನಾಗಪುರದ ಸಂತ್ರಕ್ಕೂ ಅದೇ ಮಾನ್ಯತೆಯಿದೆ, ಆದರೆ ಅದರ ಬೆನ್ನಿಗೆ ವಿದರ್ಭದ ವಿಸ್ತಾರವಾದ ತೋಟಗಳೂ, ಕೇಂದ್ರದ ಸಂಶೋಧನಾ ಸಂಸ್ಥೆಯೂ, ದೇಶದ ತುಂಬ ಅದನ್ನು ಗುರುತಿಸಿ ಕೊಳ್ಳುವ ಗಿರಾಕಿಗಳೂ ಇದ್ದಾರೆ. ಕೊಡಗಿನ ಹಣ್ಣಿಗೆ ಹೆಚ್ಚು ಕೊರತೆಯಾಗಿರುವುದು ಈ ಮೂರನೆಯದು. ಹೊಳೆಯುವ ಕೇಸರಿ ಬಣ್ಣವೇ ಮಾಗಿದ ಲಕ್ಷಣವೆಂದು ನಂಬಿದ ಪೇಟೆಯಲ್ಲಿ ಹಸಿರು ಉಳಿದ ಹಣ್ಣು ಕಾಯಿಯೆಂದು ತಿರಸ್ಕಾರಕ್ಕೆ ಒಳಗಾಗುತ್ತದೆ.

ಇಲ್ಲಿ ಹೊರನಾಡ ಕನ್ನಡಿಗರಿಗೆ ಒಂದು ಪಾತ್ರವಿದೆ. ಊರಿಂದ ಬರುವವರ ಕೈಯಲ್ಲಿ ಸಾಂಬಾರುಪುಡಿ, ಹಪ್ಪಳ ತರಿಸುವ ನಾವು ಚಳಿಗಾಲದಲ್ಲಿ ಒಂದು ಬುಟ್ಟಿ ಕೊಡಗಿನ ಕಿತ್ತಳೆಯನ್ನೋ ಎರಡು ದೇವನಹಳ್ಳಿ ಚಕ್ಕೋತವನ್ನೋ ಹೆಸರು ಹೇಳಿ ಕೇಳಬಹುದು. ಕನ್ನಡ ಸಂಘಗಳ ಸಂಕ್ರಾಂತಿಯ ಊಟದಲ್ಲಿ ಆ ಹಣ್ಣಿನ ಕೋಸಂಬರಿ ಬಡಿಸಬಹುದು. ಅದರ ಪಕ್ಕದಲ್ಲಿ ನಾಗಪುರದ್ದನ್ನೂ ಇಟ್ಟು ಮಕ್ಕಳಿಗೆ ಎರಡರ ರುಚಿ ತೋರಿಸಬಹುದು. ಹಸಿರು ಸಿಪ್ಪೆಯೊಳಗೆ ಹಣ್ಣಾಗಿದೆಯೆಂದು ತಿಳಿದು ಕೊಳ್ಳುವವರ ಸಂಖ್ಯೆ ಬೆಳೆದರೆ, ರೋಗಮುಕ್ತ ಸಸಿ ನೆಟ್ಟು ಹಲವು ವರ್ಷ ಕಾಯಬೇಕಾದ ಬೆಳೆಗಾರನಿಗೆ ಕಾಯುವುದಕ್ಕೊಂದು ಕಾರಣ ಸಿಗುತ್ತದೆ.